ಹಿಟ್ಟು ನೈಸು, ಹುಡುಗಿಯೂ ನೈಸೇ?

ನನ್ನ ಸಂಜೆಯ ಇಂಗ್ಲಿಷ್ ತರಗತಿಗೆ ಬರುವವರೆಲ್ಲ ಹಗಲು ದುಡಿದು ಬರುವವರು. ಅಂಗಡಿಯಲ್ಲಿ ಬಿಲ್ಲು ಬರೆಯುವವರಿದ್ದಾರೆ, ಹೊಲಿಗೆಯವರಿದ್ದಾರೆ, ಮಗನ ಮನೆಗೆಂದು ವಿದೇಶಕ್ಕೆ ಹೊರಟು ನಿಂತಿರುವ ಅಜ್ಜಿಯೊಬ್ಬರಿದ್ದಾರೆ. ಅವರ ನಡುವೆ ತುಮಕೂರಿನ ತಮ್ಮ ಮನೆಯಲ್ಲೇ ಎರಡು ಗ್ರೈಂಡರ್ ಇಟ್ಟುಕೊಂಡು ಇಡ್ಲಿ, ದೋಸೆ ಹಿಟ್ಟು ಮಾರುವ ಹೆಣ್ಣುಮಗಳೊಬ್ಬರು ಇದ್ದಾರೆ. ಒಂದು ದಿನ ಅವರು ಮಗಳ ಶಾಲೆಯ ಪ್ರಗತಿಪತ್ರ ಹಿಡಿದು ಬಂದರು. ಅಂಕಗಳೆಲ್ಲ ಚೆನ್ನಾಗಿದ್ದವು. ಕೊನೆಯಲ್ಲಿ ತರಗತಿಯ ಟೀಚರು 'ವೆರಿ ನೈಸ್ ಗರ್ಲ್' ಎಂದು ಬರೆದಿದ್ದರು. ಇವರ ಮುಖ ಮಾತ್ರ ಸಪ್ಪಗಿತ್ತು.

"ಮೇಡಂ, ಹಿಟ್ಟು ನೈಸಾಗಿರುತ್ತೆ. ಹುಡುಗಿ ಹೇಗೆ ನೈಸಾಗಿರ್ತಾಳೆ? ನೈಸಾಗಿ ಮಾತಾಡಿ ಕೆಲಸ ತಪ್ಪಿಸ್ಕೋತಾಳೆ ಅಂತ ಬರೆದಿದಾರಾ?"

ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ನಾನು ಅವರನ್ನು ತಡೆದೆ. ಅಷ್ಟು ಒಳ್ಳೆಯ ಪ್ರಶ್ನೆ ನನ್ನ ತರಗತಿಯಲ್ಲಿ ಎಷ್ಟೋ ದಿನದಿಂದ ಬಂದಿರಲಿಲ್ಲ. ಆ ದಿನದ ಪಾಠವನ್ನು ಬದಿಗಿಟ್ಟು ನಾವೆಲ್ಲ ಈ ಒಂದೇ ಪದದ ಹಿಂದೆ ಹೊರಟೆವು. ಅಂದು ಬೋರ್ಡಿನ ಮೇಲೆ ಬರೆದದ್ದನ್ನೂ, ಗಂಟೆ ಮುಗಿದು ಹೇಳಲಾಗದೆ ಉಳಿದದ್ದನ್ನೂ ಸೇರಿಸಿ, ಇಂಗ್ಲಿಷಿಗೆ ಹೊಸದಾಗಿ ಕಾಲಿಡುತ್ತಿರುವ ಎಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ 'ನೈಸ'ನ್ನೇ ನೋಡೋಣ. ಇಂಗ್ಲಿಷ್ ಅಕ್ಷರ ಬಾರದ ಅಜ್ಜಿಯರೂ ಈ ಪದ ಬಳಸುತ್ತಾರೆ. ಇಡ್ಲಿಗಾದರೆ ಅಕ್ಕಿ ತರಿತರಿಯಾಗಿರಬೇಕು, ದೋಸೆಗಾದರೆ ನೈಸಾಗಿ ರುಬ್ಬಬೇಕು. ಹಿಟ್ಟಿನ ಗಿರಣಿಯಲ್ಲಿ ಡಬ್ಬ ಇಳಿಸಿದ ಕೂಡಲೇ "ನೈಸಾ, ತರಿನಾ?" ಎಂದು ಕೇಳುತ್ತಾರೆ. ಮರಗೆಲಸದವರು ಉಜ್ಜುಕಾಗದ ಹಾಕಿ ಹಲಗೆಯನ್ನು ನೈಸು ಮಾಡುತ್ತಾರೆ. ಸೀರೆ ಅಂಗಡಿಯಲ್ಲಿ ಬಟ್ಟೆ ಸವರಿ "ನೈಸಾಗಿದೆ" ಅನ್ನುತ್ತೇವೆ. ಇಲ್ಲೆಲ್ಲ ಬೆರಳಿಗೆ ತಾಗುವ ಗುಣವೇ ಮುಖ್ಯ: ನುಣುಪು, ನಯ, ಸಣ್ಣಗೆ ಇರುವುದು. ಈ ನುಣುಪನ್ನೇ ನಾವು ನಡತೆಗೂ ಹಚ್ಚಿದ್ದೇವೆ. ಕೈಗೆ ಸಿಗದೆ ಜಾರುವವನು 'ನೈಸಾಗಿ ಜಾರಿಕೊಂಡ'. ಬಣ್ಣದ ಮಾತಾಡಿ ದುಡ್ಡು ಕೇಳುವವನು 'ನೈಸು ಮಾಡುತ್ತಾನೆ'. ಹಾಗಾಗಿ ಆ ತಾಯಿಗೆ ಬಂದ ಅನುಮಾನದಲ್ಲಿ ಏನೂ ತಪ್ಪಿರಲಿಲ್ಲ. ಕನ್ನಡದ ನೈಸು ಹಿಟ್ಟಿನಲ್ಲಿ ಗುಣ, ಮನುಷ್ಯರಲ್ಲಿ ದೋಷ.

ಇಂಗ್ಲಿಷಿನ ನೈಸ್ ಹಾಗಲ್ಲ. ಇಂದು ಅದರ ಮುಖ್ಯ ಅರ್ಥ ಹಿತವಾದದ್ದು, ಮನಸ್ಸಿಗೆ ಒಪ್ಪುವಂಥದ್ದು. ಮನುಷ್ಯರ ಬಗ್ಗೆ ಹೇಳಿದಾಗ ಸೌಜನ್ಯ ಇರುವವರು, ಇನ್ನೊಬ್ಬರ ಮನಸ್ಸು ನೋಯಿಸದವರು ಎಂದು ಅರ್ಥ. ಟೀಚರು ಬರೆದದ್ದು 'ತುಂಬ ಒಳ್ಳೆಯ ಹುಡುಗಿ' ಎಂದು. ಇಷ್ಟು ಹೇಳಿದ ಮೇಲೆ ಆ ತಾಯಿಯ ಮುಖ ಅರಳಿತು. ಹಿಟ್ಟಿನ ನೈಸಿಗೆ ಇಂಗ್ಲಿಷಿನಲ್ಲಿ ಬೇರೆ ಮಾತುಗಳಿವೆ. ಪುಡಿಯಾದರೆ 'ಫೈನ್', ಹಿಟ್ಟಾದರೆ 'ಸ್ಮೂತ್'. ಇದನ್ನು ನಾನು ವಿದೇಶಕ್ಕೆ ಹೊರಟ ಅಜ್ಜಿಗೆ ಎರಡು ಸಲ ಒತ್ತಿ ಹೇಳಿದೆ. ಅಲ್ಲಿ ಅಡುಗೆಮನೆಯಲ್ಲಿ ನಿಂತು, ಅಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಗಳಿಗೆ 'ಗ್ರೈಂಡ್ ಇಟ್ ನೈಸ್‌ಲಿ' ಅಂದರೆ ಅವಳು 'ಚೆನ್ನಾಗಿ ರುಬ್ಬು' ಅಂದುಕೊಳ್ಳುತ್ತಾಳೆ. ಎಷ್ಟು ಸಣ್ಣಗೆ ಅನ್ನುವುದು ಅವಳಿಗೆ ತಿಳಿಯುವುದೇ ಇಲ್ಲ. ಹಿಟ್ಟು ತರಿಯಾಗಿಯೇ ಉಳಿದೀತು.

ಸ್ಪೆಲಿಂಗ್ ಬಗ್ಗೆಯೂ ಇಲ್ಲೇ ಒಂದು ಮಾತು. ಇದರಲ್ಲಿ ನಾಲ್ಕು ಅಕ್ಷರ: ಎನ್, ಐ, ಸಿ, ಇ. ಕಿವಿಗೆ 'ಸ' ಕೇಳುತ್ತದೆಂದು ಹೊಸಬರು ಎಸ್ ಹಾಕಿಬಿಡುತ್ತಾರೆ. ಸಿ ಅಕ್ಷರದ ಮುಂದೆ ಇ, ಐ, ವೈ ಬಂದರೆ ಸಾಮಾನ್ಯವಾಗಿ ಅದು 'ಸ' ಎಂದೇ ನುಡಿಯುತ್ತದೆ. ರೈಸ್, ಐಸ್, ಪ್ರೈಸ್ ಎಲ್ಲ ಇದೇ ಸಾಲಿನವು. ಫ್ರಾನ್ಸಿನ ಕಡಲತೀರದಲ್ಲಿ ಇದೇ ನಾಲ್ಕು ಅಕ್ಷರದ ಊರೊಂದಿದೆ. ಅದನ್ನು 'ನೀಸ್' ಅನ್ನಬೇಕು. ಆ ಹೆಸರು ಗ್ರೀಕರ ವಿಜಯದೇವತೆ ನೀಕೆಯಿಂದ ಬಂದದ್ದು, ನಮ್ಮ ಪದಕ್ಕೂ ಅದಕ್ಕೂ ನಂಟಿಲ್ಲ. ಬೆಂಗಳೂರಿನ ನೈಸ್ ರಸ್ತೆಗೂ ನಂಟಿಲ್ಲ. ಅದು ರಸ್ತೆ ಕಟ್ಟಿದ ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್ ಎಂಬ ಕಂಪನಿಯ ಮೊದಲಕ್ಷರಗಳು ಸೇರಿ ಆದ ಹೆಸರು.

ಈಗ ಈ ಪದ ಹುಟ್ಟಿದ ಊರಿಗೆ ಹೋಗೋಣ. ಪಾಠದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ರೋಮನ್ನರ ಲ್ಯಾಟಿನ್ ಭಾಷೆಯಲ್ಲಿ 'ಸ್ಕೀರೆ' ಅಂದರೆ ತಿಳಿಯುವುದು. 'ಸೈನ್ಸ್' ಎಂಬ ಪದ ಈ ಬೇರಿನಿಂದಲೇ ಚಿಗುರಿತು. 'ನೆ' ಅಂದರೆ ಇಲ್ಲ. ಸಂಸ್ಕೃತದ 'ನ' ಮತ್ತು ಲ್ಯಾಟಿನ್ನಿನ ಈ 'ನೆ' ಒಂದೇ ಕುಟುಂಬದವು. ಎರಡೂ ಸೇರಿ 'ನೆಸ್ಕಿಯುಸ್': ತಿಳಿಯದವನು. ಕನ್ನಡದಲ್ಲಿ ಹೇಳುವುದಾದರೆ ಅಜ್ಞ. ಈ ಪದ ಹಳೆಯ ಫ್ರೆಂಚಿಗೆ ಇಳಿದು ಸವೆದು 'ನೀಸ್' ಆಯಿತು. ಅರ್ಥ ಮಾತ್ರ ಅದೇ ಉಳಿಯಿತು: ಪೆದ್ದ, ಏನೂ ಅರಿಯದವನು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದರು. ಅದಾದ ಮೇಲೆ ಅರಮನೆ, ನ್ಯಾಯಾಲಯಗಳಲ್ಲಿ ಫ್ರೆಂಚೇ ನಡೆಯಿತು. ಇನ್ನೂರು ಮುನ್ನೂರು ವರ್ಷಗಳಲ್ಲಿ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿನ ಮನೆಯೊಳಗೆ ಬಂದು ಕುಳಿತವು. 1300ರ ಸುಮಾರಿಗೆ ನಮ್ಮ ಪದವೂ ಬಂತು. ಆಗ ಯಾರನ್ನಾದರೂ ನೈಸ್ ಅಂದರೆ ಅದು ಬೈಗುಳ. ಅದೇ ಶತಮಾನದ ಕೊನೆಯ ಭಾಗದಲ್ಲಿ ಬರೆದ ಕವಿ ಚಾಸರ್ ಕೂಡ ಇದನ್ನು ದಡ್ಡತನಕ್ಕೆ ಬಳಸಿದ್ದಾನೆ. ಸ್ಪ್ಯಾನಿಷ್ ಭಾಷೆಯಲ್ಲಿ ಈ ಪದದ ಒಡಹುಟ್ಟು 'ನೆಸಿಯೊ' ಇಂದಿಗೂ ಇದೆ, ಇಂದಿಗೂ ಅದರ ಅರ್ಥ ಮೂರ್ಖ ಎಂದೇ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಊರಲ್ಲೇ ಉಳಿದು ಹಳೆಯ ಹೆಸರು ಹೊತ್ತ, ಇನ್ನೊಬ್ಬ ಕಡಲು ದಾಟಿ ಹೋಗಿ ಮರ್ಯಾದಸ್ಥನಾದ.

ಹೇಗೆ ಆದ? ದಡ್ಡ ಎಂಬ ಮಾತು ಹೊಗಳಿಕೆಯಾಗುವುದು ಸಾಧ್ಯವೇ? ನನ್ನ ವಿದ್ಯಾರ್ಥಿಗಳು ಇಲ್ಲಿ ಒಪ್ಪಲಿಲ್ಲ. "ಬೈಗುಳ ಹೇಗೆ ಮೇಡಂ ಶಹಬ್ಬಾಸ್ ಆಗುತ್ತೆ?" ಎಂದು ಹೊಲಿಗೆಯವರು ಕೇಳಿದರು. ಅವರಿಗೆ ಉತ್ತರ ಕೊಡಲು ನಾನು ಇಂಗ್ಲಿಷನ್ನು ಬಿಟ್ಟು ನಮ್ಮದೇ ಒಂದು ಪದ ತೆಗೆದುಕೊಂಡೆ: ಮುಗ್ಧ.

'ಮುಗ್ಧ ಮಗು', 'ಮುಗ್ಧ ನಗು' ಅನ್ನುವಾಗ ನಮ್ಮ ದನಿಯಲ್ಲಿ ಪ್ರೀತಿ ಇರುತ್ತದೆ. ಆದರೆ ಸಂಸ್ಕೃತದಲ್ಲಿ ಈ ಪದ 'ಮುಹ್' ಎಂಬ ಧಾತುವಿನಿಂದ ಬಂದದ್ದು. ಮುಹ್ ಅಂದರೆ ದಿಕ್ಕು ತಪ್ಪು, ತಿಳಿವು ಕಳೆದುಕೊ. ಮೋಹವೂ ಅಲ್ಲಿಂದಲೇ ಬಂತು. ಮೂಢ ಎಂಬ ಪದವೂ ಅಲ್ಲಿಂದಲೇ ಬಂತು. ಮುಗ್ಧ ಮತ್ತು ಮೂಢ ಒಂದೇ ಧಾತುವಿನ ಎರಡು ರೂಪಗಳು! ಸಂಸ್ಕೃತ ನಿಘಂಟಿನಲ್ಲಿ ಮುಗ್ಧ ಪದಕ್ಕೆ ಗೊಂದಲಗೊಂಡ, ದಡ್ಡ, ಏನೂ ತಿಳಿಯದ, ಕಪಟವಿಲ್ಲದ, ಸುಂದರವಾದ ಎಂದು ಅರ್ಥಗಳು ಒಂದರ ಪಕ್ಕ ಒಂದು ಕುಳಿತಿವೆ. ಮೂಢ ಎಂಬುದು ಬೈಗುಳವಾಗಿ ನಿಂತಿತು, ಮೂಢನಂಬಿಕೆ ಎಂಬ ಮಾತಿನಲ್ಲಿ ನಾವು ಅದನ್ನು ದಿನವೂ ಕೇಳುತ್ತೇವೆ. ಮುಗ್ಧ ಎಂಬುದು ಮೆಲ್ಲಗೆ ಮೆತ್ತಗಾಗುತ್ತ ಹೋಯಿತು. ಏನೂ ಗೊತ್ತಿಲ್ಲದವನಿಗೆ ಕಪಟವೂ ಗೊತ್ತಿಲ್ಲ. ಕಪಟ ಗೊತ್ತಿಲ್ಲದವನನ್ನು ಕಂಡರೆ ಅಕ್ಕರೆ. ಅಕ್ಕರೆ ಹುಟ್ಟಿಸುವುದೆಲ್ಲ ಕಣ್ಣಿಗೆ ಚೆಂದ. ಕಾವ್ಯಶಾಸ್ತ್ರದವರು ಆಗಷ್ಟೇ ಹರೆಯಕ್ಕೆ ಬಂದ, ನಾಚುವ ನಾಯಿಕೆಯನ್ನು 'ಮುಗ್ಧಾ' ಎಂದೇ ಕರೆದರು.

ನೈಸ್ ನಡೆದ ದಾರಿಯಲ್ಲೂ ಇಂಥದೇ ತಿರುವುಗಳಿವೆ, ಅದು ಇನ್ನೂ ಸುತ್ತಿ ಬಂತು ಅಷ್ಟೆ. ಪೆದ್ದ ಎಂಬ ಅರ್ಥದಿಂದ ಅದು ಒಂದು ಕಡೆ ಮೈಮೇಲೆ ಎಚ್ಚರವಿಲ್ಲದ, ನಡತೆಗೆಟ್ಟ, ಆಡಂಬರದ ಎಂಬ ಅರ್ಥಗಳಿಗೆ ಹೋಯಿತು. ಇನ್ನೊಂದು ಕಡೆ ನಾಚುವ, ಹಿಂಜರಿಯುವ ಎಂಬ ಅರ್ಥ ಪಡೆಯಿತು. ಹಿಂಜರಿಯುವವರು ಎಲ್ಲವನ್ನೂ ಅಳೆದು ಸುರಿದು ನೋಡುತ್ತಾರೆ, ಇದು ಬೇಡ ಅದು ಬೇಡ ಅನ್ನುತ್ತಾರೆ. ಹಾಗೆ ಅದು ನಾಜೂಕಿನವರು, ಮಡಿವಂತಿಕೆಯವರು ಎಂಬ ಅರ್ಥಕ್ಕೆ ಬಂತು. ನಾಜೂಕಿನವರ ಕಣ್ಣು ಸೂಕ್ಷ್ಮ. ಹದಿನಾರನೆಯ ಶತಮಾನದ ಹೊತ್ತಿಗೆ ಸೂಕ್ಷ್ಮ, ಕರಾರುವಾಕ್ಕು ಎಂಬ ಅರ್ಥ ಬೇರೂರಿತು. ಸೂಕ್ಷ್ಮ ರುಚಿ ಇರುವವರು ಒಪ್ಪಿದ್ದು ಒಳ್ಳೆಯದೇ ಇರಬೇಕಲ್ಲವೇ? ಹದಿನೆಂಟನೆಯ ಶತಮಾನದ ದ್ವಿತೀಯಾರ್ಧದಲ್ಲಿ ನಾವು ಇಂದು ಬಲ್ಲ 'ಹಿತವಾದ' ಎಂಬ ಅರ್ಥ ಬಳಕೆಗೆ ಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ 'ಸೌಜನ್ಯದ' ಎಂಬುದೂ ಅದಕ್ಕೆ ಸೇರಿತು.

ಇದನ್ನು ಏಣಿಯ ಮೆಟ್ಟಿಲುಗಳಂತೆ ಬರೆದೆ. ನಿಜದಲ್ಲಿ ಇದು ಒಟ್ಟು ಕುಟುಂಬದ ಮನೆಯಂತೆ ಇತ್ತು. ಅಜ್ಜ, ಅಪ್ಪ, ಮಗ ಒಂದೇ ಜಗುಲಿಯಲ್ಲಿ ಕೂರುವ ಹಾಗೆ ಹಳೆಯ ಅರ್ಥ, ಹೊಸ ಅರ್ಥ ಎಲ್ಲವೂ ಒಂದೇ ಕಾಲದಲ್ಲಿ ಬಳಕೆಯಲ್ಲಿದ್ದವು. ಹದಿನಾರು, ಹದಿನೇಳನೆಯ ಶತಮಾನದ ಬರಹಗಳಲ್ಲಿ ಬರೆದವರ ಮನಸ್ಸಿನಲ್ಲಿ ಯಾವ ಅರ್ಥವಿತ್ತು ಎಂದು ನಿಘಂಟುಕಾರರೇ ತಲೆ ಕೆರೆದುಕೊಂಡ ಜಾಗಗಳಿವೆ.

ಶೇಕ್ಸ್‌ಪಿಯರನ ರೋಮಿಯೋ ಅಂಡ್ ಜೂಲಿಯೆಟ್ ನಾಟಕದಲ್ಲಿ ಅಂಥ ಒಂದು ಜಾಗವಿದೆ. ಕಾಲೇಜಿನಲ್ಲಿ ಮೊದಲ ಸಲ ಓದಿದಾಗ ನಾನು ಅಲ್ಲಿ ಎಡವಿದ್ದೆ. ಜೂಲಿಯೆಟ್ ಸತ್ತಂತೆ ಮಲಗಿದ್ದಾಳೆ. ಅವಳು ನಿಜವಾಗಿ ಸತ್ತಿಲ್ಲ, ಔಷಧದ ಅಮಲಿನಲ್ಲಿದ್ದಾಳೆ ಎಂದು ರೋಮಿಯೋಗೆ ತಿಳಿಸಲು ಪಾದ್ರಿ ಲಾರೆನ್ಸ್ ಒಂದು ಕಾಗದ ಬರೆದು ಇನ್ನೊಬ್ಬ ಸಂನ್ಯಾಸಿ ಜಾನ್ ಕೈಯಲ್ಲಿ ಕಳಿಸಿರುತ್ತಾನೆ. ಪ್ಲೇಗಿನ ಭಯದಿಂದ ಊರಿನ ಕಾವಲಿನವರು ಜಾನ್‌ನನ್ನು ಒಂದು ಮನೆಯೊಳಗೆ ಕೂಡಿ ಬೀಗ ಹಾಕಿಬಿಡುತ್ತಾರೆ. ಕಾಗದ ತಲುಪುವುದಿಲ್ಲ. ಅದು ಗೊತ್ತಾದಾಗ ಲಾರೆನ್ಸ್ ಕಂಗಾಲಾಗಿ, ಆ ಕಾಗದ ನೈಸ್ ಆಗಿರಲಿಲ್ಲ ಅನ್ನುತ್ತಾನೆ. ನಾನು 'ಕಾಗದದಲ್ಲಿ ಒಳ್ಳೆಯ ಸುದ್ದಿ ಇರಲಿಲ್ಲ' ಎಂದು ಓದಿಕೊಂಡೆ. ತಪ್ಪು. ಅಲ್ಲಿ ನೈಸ್ ಅಂದರೆ ಕ್ಷುಲ್ಲಕ. ಅದು ಅಂತಿಂಥ ಕಾಗದವಾಗಿರಲಿಲ್ಲ, ಎರಡು ಜೀವಗಳ ಭಾರ ಅದರಲ್ಲಿತ್ತು ಎನ್ನುವುದು ಆ ಪಾದ್ರಿಯ ಸಂಕಟ. ಒಂದು ಪದದ ಹಳೆಯ ಅರ್ಥ ಗೊತ್ತಿಲ್ಲದ್ದರಿಂದ ನಾಟಕದ ಅತ್ಯಂತ ನೋವಿನ ಕ್ಷಣಗಳಲ್ಲಿ ಒಂದು ನನ್ನ ಕೈತಪ್ಪಿ ಹೋಗಿತ್ತು. ಹಳೆಯ ಪುಸ್ತಕ ಓದುವಾಗ ಸುಲಭದ ಪದಗಳ ಮೇಲೇ ಹೆಚ್ಚು ಕಣ್ಣಿಡಿ ಎಂದು ಈಗ ನಾನು ಮಕ್ಕಳಿಗೆ ಹೇಳುವುದು ಅದಕ್ಕೇ. ಕಷ್ಟದ ಪದ ಸಿಕ್ಕರೆ ನಾವು ನಿಘಂಟು ತೆಗೆಯುತ್ತೇವೆ, ಗೊತ್ತಿದೆ ಅಂದುಕೊಂಡ ಪದಕ್ಕೆ ತೆಗೆಯುವುದಿಲ್ಲ.

1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ದೊಡ್ಡ ಇಂಗ್ಲಿಷ್ ನಿಘಂಟನ್ನು ಹೊರತಂದಾಗ ಈ ಪದಕ್ಕೆ ಕೊಟ್ಟದ್ದು ಹೆಚ್ಚಾಗಿ ಸೂಕ್ಷ್ಮತೆ, ನಾಜೂಕು, ಕರಾರುವಾಕ್ಕು ಎಂಬ ಬಗೆಯ ಅರ್ಥಗಳನ್ನೇ. ಅಲ್ಲಿಂದ ಅರ್ಧ ಶತಮಾನ ಕಳೆಯುವಷ್ಟರಲ್ಲಿ ಎಲ್ಲರ ಬಾಯಲ್ಲೂ ಎಲ್ಲದಕ್ಕೂ ನೈಸ್. ಇದನ್ನು ಕಂಡು ಕೆಣಕಿದವರಲ್ಲಿ ನನಗೆ ಪ್ರಿಯವಾದ ಪಾತ್ರ ಜೇನ್ ಆಸ್ಟಿನ್ ಅವರ ನಾರ್ಥ್ಯಾಂಗರ್ ಆಬಿ ಕಾದಂಬರಿಯಲ್ಲಿದೆ. ಅವರು ಅದನ್ನು ಬರೆದದ್ದು ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ. 1817ರ ಜುಲೈನಲ್ಲಿ ಅವರು ತೀರಿಕೊಂಡರು, ಪುಸ್ತಕ ಹೊರಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಅದರ ನಾಯಕಿ ಹದಿನೇಳು ವರ್ಷದ ಕ್ಯಾಥರೀನ್. ಆನ್ ರ‍್ಯಾಡ್‌ಕ್ಲಿಫ್ ಬರೆದ ಭಯಾನಕ ಕಾದಂಬರಿಯೊಂದನ್ನು ಮೆಚ್ಚಿಕೊಂಡು, ಅದಕ್ಕಿಂತ ನೈಸ್ ಆದ ಪುಸ್ತಕ ಉಂಟೇ ಎಂಬ ಅರ್ಥದಲ್ಲಿ ಅವಳು ಮಾತಾಡುತ್ತಾಳೆ. ಜೊತೆಯಲ್ಲಿದ್ದ ಹೆನ್ರಿ ಟಿಲ್ನಿ, ನೈಸ್ ಅಂದರೆ ಅಚ್ಚುಕಟ್ಟು ಎಂದು ತಾನೇ, ಹಾಗಾದರೆ ಅದು ಪುಸ್ತಕದ ರಟ್ಟಿಗೆ ಸೇರಿದ ವಿಷಯ ಎಂದು ಅವಳನ್ನು ಕಾಡಿಸುತ್ತಾನೆ. ಈಗ ಹವೆಯೂ ನೈಸು, ನಡಿಗೆಯೂ ನೈಸು, ಹುಡುಗಿಯರೂ ನೈಸು, ಯಾವುದಕ್ಕೆ ಬೇಕಾದರೂ ಹೊಂದುವ ಪದವಾಯಿತಲ್ಲ ಎಂಬುದು ಅವನ ತಕರಾರು. ಮೊದಲು ಅದು ಅಚ್ಚುಕಟ್ಟನ್ನೋ ನಾಜೂಕನ್ನೋ ಸೂಚಿಸುತ್ತಿತ್ತು ಎಂದೂ ಪಾಠ ಹೇಳುತ್ತಾನೆ.

ಟಿಲ್ನಿಯ ಮಾತಿನಲ್ಲಿ ಅರ್ಧ ಸತ್ಯ ಇದೆ. ಎಲ್ಲದಕ್ಕೂ ಒಂದೇ ಪದ ಹಾಕಿದರೆ ಆ ಪದ ತೆಳುವಾಗುತ್ತದೆ ಎನ್ನುವುದು ನಿಜ. ಆದರೆ 'ಮೊದಲು' ಅಂದನಲ್ಲ, ಅಲ್ಲಿ ಅವನೂ ಪೂರ್ತಿ ಹಿಂದಕ್ಕೆ ಹೋಗಿಲ್ಲ. ಅಚ್ಚುಕಟ್ಟಿಗೂ ಮೊದಲು ಅದು ದಡ್ಡತನವಾಗಿತ್ತು. ಪದಕ್ಕೆ ಇದೊಂದೇ ಸರಿಯಾದ ಅರ್ಥ, ಯಾಕೆಂದರೆ ಇದು ಹಳೆಯದು ಎಂದು ವಾದಿಸುವವರು ಎಲ್ಲೋ ಒಂದು ಕಡೆ ತಮಗೆ ಬೇಕಾದ ಶತಮಾನದಲ್ಲಿ ಗಾಡಿ ನಿಲ್ಲಿಸಿಬಿಡುತ್ತಾರೆ. ನಾನು ಕ್ಯಾಥರೀನಳ ಪಕ್ಷ. ಅವಳು ಸಂತೋಷದಿಂದ ಆಡಿದ ಮಾತು ಎದುರಿನವನಿಗೆ ಚೆನ್ನಾಗಿಯೇ ಅರ್ಥವಾಗಿತ್ತು.

ಎದುರು ದಿಕ್ಕಿನಲ್ಲಿ ನಡೆದ ಪದವನ್ನೂ ಇಲ್ಲೇ ತೋರಿಸಿಬಿಡುತ್ತೇನೆ. ಇಂದು 'ಸಿಲ್ಲಿ' ಅಂದರೆ ಹುಚ್ಚುಚ್ಚಾದ, ಪೆದ್ದುಪೆದ್ದಾದ. ಹಳೆಯ ಇಂಗ್ಲಿಷಿನಲ್ಲಿ ಅದು 'ಸೇಲಿಗ್', ದೇವರ ಆಶೀರ್ವಾದ ಪಡೆದ ಧನ್ಯ ಎಂಬ ಅರ್ಥ. ಧನ್ಯನಾದವನು ಕಪಟ ಅರಿಯದವನಾದ, ಆಮೇಲೆ ಪಾಪದವನಾದ, ಕೊನೆಗೆ ದಡ್ಡನಾದ. ನೈಸ್ ಎಂಬುದು ದಡ್ಡತನದಿಂದ ಮೇಲೆ ಏರುತ್ತಿದ್ದಾಗ ಸಿಲ್ಲಿ ಎಂಬುದು ಧನ್ಯತೆಯಿಂದ ಕೆಳಗಿಳಿಯುತ್ತಿತ್ತು. ನಾವು ಕೂಡ 'ಅವನು ಪಾಪದವನು' ಅಂದಾಗ ಪಾಪ ಮಾಡಿದವನು ಎಂದು ಹೇಳುತ್ತಿರುವುದಿಲ್ಲವಲ್ಲ! ಪದಗಳ ಇಂಥ ಪ್ರಯಾಣದಲ್ಲಿ ಆಸಕ್ತಿ ಹುಟ್ಟಿದ್ದರೆ ಪಾ.ವೆಂ. ಆಚಾರ್ಯರ 'ಪದಾರ್ಥ ಚಿಂತಾಮಣಿ'ಯನ್ನೂ ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ'ವನ್ನೂ ಹುಡುಕಿ ಓದಿ. ನನಗೆ ಪದಗಳ ಹುಚ್ಚು ಹಿಡಿಸಿದ್ದು ಅವೇ.

ಇನ್ನು ಬಳಕೆ. ಕನ್ನಡ ನಾಲಿಗೆಗೆ ಇಲ್ಲಿ ಒಂದು ನಿಜವಾದ ತೊಡಕಿದೆ, ಅದನ್ನು ನಿಧಾನವಾಗಿ ಬಿಡಿಸೋಣ.

ನಾವು 'ಚೆನ್ನಾಗಿ' ಎಂಬ ಒಂದೇ ಮಾತಿನಲ್ಲಿ ಎರಡು ಕೆಲಸ ಮಾಡುತ್ತೇವೆ. 'ಅವಳು ಚೆನ್ನಾಗಿ ಹಾಡುತ್ತಾಳೆ' ಎನ್ನುತ್ತೇವೆ. 'ಹಾಡು ಚೆನ್ನಾಗಿದೆ' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಈ ಎರಡಕ್ಕೆ ಎರಡು ರೂಪ. ಹಾಡು, ಮನೆ, ಊಟ, ಮನುಷ್ಯ ಹೇಗಿದ್ದಾರೆ ಎಂದು ಹೇಳಲು ನೈಸ್. ಒಂದು ಕೆಲಸವನ್ನು ಹೇಗೆ ಮಾಡಿದರು ಎಂದು ಹೇಳಲು ನೈಸ್‌ಲಿ. 'ದ ಸಾಂಗ್ ಈಸ್ ನೈಸ್' ಸರಿ. 'ಶೀ ಸಿಂಗ್ಸ್ ನೈಸ್' ಅಂದರೆ ಸರಿಯಾದ ಇಂಗ್ಲಿಷ್ ಎನಿಸುವುದಿಲ್ಲ, 'ನೈಸ್‌ಲಿ' ಅನ್ನಬೇಕು. ಇಷ್ಟು ಕಲಿತ ಕೂಡಲೇ ಹೊಸಬರು ಇನ್ನೊಂದು ಕಡೆ ಜಾರುತ್ತಾರೆ. ಮಲ್ಲಿಗೆ ಮೂಸಿ 'ಇಟ್ ಸ್ಮೆಲ್ಸ್ ನೈಸ್‌ಲಿ' ಅನ್ನುತ್ತಾರೆ. ಇಲ್ಲಿ ನೈಸ್ ಎಂದೇ ಇರಬೇಕು. ಮಲ್ಲಿಗೆ ತಾನು ಮೂಗಿನಿಂದ ಮೂಸುವ ಕೆಲಸವನ್ನು ಚೆನ್ನಾಗಿ ಮಾಡುತ್ತಿಲ್ಲ, ಅದರ ಪರಿಮಳ ಹೇಗಿದೆ ಎಂದು ನಾವು ಹೇಳುತ್ತಿದ್ದೇವೆ. ನೋಟಕ್ಕೆ, ರುಚಿಗೆ, ವಾಸನೆಗೆ, ಸ್ಪರ್ಶಕ್ಕೆ, ಕಿವಿಗೆ ಹೇಗಿದೆ ಎನ್ನುವ ಐದೂ ಕಡೆ ಹೀಗೆಯೇ: ಲುಕ್ಸ್ ನೈಸ್, ಟೇಸ್ಟ್ಸ್ ನೈಸ್, ಸ್ಮೆಲ್ಸ್ ನೈಸ್, ಫೀಲ್ಸ್ ನೈಸ್, ಸೌಂಡ್ಸ್ ನೈಸ್. ಕ್ರಿಯಾಪದ ತೆಗೆದು ಅಲ್ಲಿ 'ಈಸ್' ಇಟ್ಟು ನೋಡಿ. ವಾಕ್ಯ ನಿಂತರೆ ನೈಸ್ ಎಂದೇ ಬಳಸಿ.

ಎರಡನೆಯ ತೊಡಕು 'ಆಫ್' ಮತ್ತು 'ಟು' ಎಂಬ ಪುಟ್ಟ ಪದಗಳದು. 'ಅವರು ನನ್ನ ಹತ್ತಿರ ಚೆನ್ನಾಗಿ ನಡೆದುಕೊಂಡರು' ಎನ್ನಲು 'ದೇ ವರ್ ನೈಸ್ ಟು ಮಿ'. ಯಾರೋ ನಿಮಗಾಗಿ ಏನೋ ಮಾಡಿದರು, ಅದು ಅವರ ದೊಡ್ಡ ಗುಣ ಎನ್ನಲು 'ನೈಸ್ ಆಫ್ ಯು'. ಮಳೆಯಲ್ಲಿ ಛತ್ರಿ ಹಿಡಿದು ಬಸ್ ನಿಲ್ದಾಣದವರೆಗೆ ಬಂದವರಿಗೆ 'ಇಟ್ ವಾಸ್ ನೈಸ್ ಆಫ್ ಯು ಟು ಕಮ್' ಅನ್ನಬಹುದು. ಒಳ್ಳೆಯತನ ಅವರೊಳಗಿಂದ ಬಂತು ಎನ್ನುವುದನ್ನು ಆ 'ಆಫ್' ಹೇಳುತ್ತದೆ, ಅದು ಯಾರ ಕಡೆ ಹರಿಯಿತು ಎನ್ನುವುದನ್ನು 'ಟು' ಹೇಳುತ್ತದೆ. 'ಥ್ಯಾಂಕ್ ಯು' ಒಂದನ್ನೇ ಎಲ್ಲ ಕಡೆ ಹೇಳಿ ಹೇಳಿ ಬೇಸತ್ತವರಿಗೆ ಇದು ಕಲಿಯಲೇಬೇಕಾದ ವಾಕ್ಯ. ಇಂಗ್ಲಿಷಿನಲ್ಲಿ ನನಗೆ ಬಲು ಮೆಚ್ಚುಗೆಯಾದ ಸೌಜನ್ಯದ ಮಾತುಗಳಲ್ಲಿ ಇದೊಂದು.

ಮೊದಲ ಭೇಟಿಯಲ್ಲಿ 'ನೈಸ್ ಟು ಮೀಟ್ ಯು'. ಅದೇ ವ್ಯಕ್ತಿ ಮತ್ತೆ ಸಿಕ್ಕಾಗ 'ನೈಸ್ ಟು ಸೀ ಯು'. ಹಳೆಯ ಪರಿಚಯದವರಿಗೆ ಮೊದಲನೆಯದನ್ನು ಹೇಳಿದರೆ ಇವರು ನನ್ನನ್ನು ಮರೆತೇಬಿಟ್ಟರೇ ಎಂದು ಅವರಿಗೆ ಬೇಸರವಾದೀತು.

ಹೆಸರಿನ ಮುಂದೆ ನಾಲ್ಕಾರು ವಿಶೇಷಣ ಜೋಡಿಸುವಾಗ ನೈಸ್ ಎಲ್ಲಕ್ಕಿಂತ ಮುಂದೆ ನಿಲ್ಲುತ್ತದೆ. 'ಎ ನೈಸ್ ಓಲ್ಡ್ ವುಡನ್ ಚೇರ್'. ನಮ್ಮ ಅನಿಸಿಕೆ ಮೊದಲು, ವಸ್ತುವಿನ ಆಕಾರ, ವಯಸ್ಸು, ಬಣ್ಣ, ಅದು ಯಾವುದರಿಂದ ಆಗಿದೆ ಎಂಬುದೆಲ್ಲ ಆಮೇಲೆ. 'ಒಳ್ಳೇ ಹಳೇ ಮರದ ಕುರ್ಚಿ' ಎಂದು ನಾವೂ ಹೀಗೇ ಹೇಳುತ್ತೇವಾದ್ದರಿಂದ ಇದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

'ಒಳ್ಳೇ' ಎಂಬ ನಮ್ಮ ಪದ ಇನ್ನೂ ಎರಡು ಕಡೆ ನೈಸ್ ಜೊತೆ ಹೆಜ್ಜೆ ಹಾಕುತ್ತದೆ. ಕಾಫಿ ಲೋಟ ಕೈಗೆ ಬಂದಾಗ 'ಒಳ್ಳೇ ಬಿಸಿಯಾಗಿದೆ' ಅನ್ನುತ್ತೇವಲ್ಲ, ಅಲ್ಲಿ ಒಳ್ಳೇ ಅಂದರೆ ಬೇಕಾದಷ್ಟು, ಹಿತವಾಗುವಷ್ಟು. ಇಂಗ್ಲಿಷಿನವರು 'ನೈಸ್ ಅಂಡ್ ಹಾಟ್' ಅನ್ನುತ್ತಾರೆ. ಸೆಕೆಯ ದಿನ ನೆರಳಿನ ಕೋಣೆ 'ನೈಸ್ ಅಂಡ್ ಕೂಲ್'. ಎರಡು ಬೇರೆ ಬೇರೆ ಗುಣ ಹೇಳುತ್ತಿದ್ದಾರೆ ಎಂದುಕೊಳ್ಳಬೇಡಿ, ಮುಂದಿನ ಗುಣ ಹಿತವಾಗಿದೆ ಎಂದಷ್ಟೇ ಅದರ ಅರ್ಥ. ಇನ್ನೊಂದು ಕಡೆ ನಾವು ಬೇಸರದಲ್ಲಿ 'ಒಳ್ಳೇ ಫಜೀತಿ ಆಯ್ತಲ್ಲ!' ಅನ್ನುತ್ತೇವೆ. ಅವರೂ 'ಎ ನೈಸ್ ಮೆಸ್' ಅನ್ನುತ್ತಾರೆ. ಪದ ಸಿಹಿ, ದನಿ ಕಹಿ. ಈ ಬಳಕೆಯನ್ನು ಕೇಳಿ ಗುರುತಿಸಿದರೆ ಸಾಕು. ಹೊಸಬರು ಅದನ್ನು ಆಡಲು ಅವಸರ ಮಾಡಬೇಡಿ, ದನಿ ಒಂದಿಷ್ಟು ತಪ್ಪಿದರೆ ಕೇಳಿದವರು ಹೊಗಳಿಕೆ ಎಂದೇ ತಿಳಿದಾರು.

ಹೊಗಳಿಕೆಯ ತೂಕದ ಬಗ್ಗೆಯೂ ಗಮನವಿರಲಿ. ನೈಸ್ ಎಂಬುದು ಮಿತವಾದ ಮೆಚ್ಚುಗೆ. ಒಳ್ಳೆಯ ಊಟಕ್ಕೆ, ತಂಪು ಸಂಜೆಗೆ, ನೆರೆಮನೆಯ ಸಜ್ಜನರಿಗೆ ಅದು ಸರಿಯಾದ ಅಳತೆ. ಒಬ್ಬರು ಹತ್ತು ವರ್ಷ ಕೂತು ಬರೆದ ಪುಸ್ತಕ ನಿಮ್ಮ ಕೈಗಿತ್ತಾಗ, ಕಸೂತಿಯ ಸೀರೆ ಹರವಿ ತೋರಿಸಿದಾಗ 'ನೈಸ್' ಎಂದು ಸುಮ್ಮನಾದರೆ ಅವರಿಗೆ ಪಿಚ್ಚೆನಿಸುತ್ತದೆ. 'ಲವ್ಲಿ' ಇದೆ, 'ವಂಡರ್‌ಫುಲ್' ಇದೆ. ನನ್ನನ್ನು ಕೇಳಿದರೆ ಪದ ದೊಡ್ಡದಾಗುವುದಕ್ಕಿಂತ ಮಾತು ನಿರ್ದಿಷ್ಟವಾಗುವುದು ಮೇಲು. ಆ ಸೀರೆಯ ಅಂಚಿನ ಗೋಪುರ ಕಂಡಿರೋ, ಅದನ್ನು ಹೆಸರಿಟ್ಟು ಹೇಳಿ. ಪರೀಕ್ಷೆಯ ಪ್ರಬಂಧದಲ್ಲಿ ಮಕ್ಕಳು 'ಮೈ ವಿಲೇಜ್ ಈಸ್ ವೆರಿ ನೈಸ್' ಎಂದು ಬರೆದಾಗ ನಾನು ಅಂಕ ಕಳೆಯುವುದಿಲ್ಲ. ಪಕ್ಕದಲ್ಲಿ 'ಹೇಗೆ?' ಎಂದು ಪೆನ್ಸಿಲಿನಲ್ಲಿ ಬರೆಯುತ್ತೇನೆ. ಮುಂದಿನ ವಾರ ಅದೇ ಪುಟದಲ್ಲಿ ಕೆರೆ ಏರಿ ಬರುತ್ತದೆ, ಹುಣಸೆ ಮರ ಬರುತ್ತದೆ, ಸಂಜೆ ಮನೆಗೆ ಮರಳುವ ಮೇಕೆಗಳು ಬರುತ್ತವೆ.

ಹಳೆಯ 'ಸೂಕ್ಷ್ಮ'ದ ಅರ್ಥ ಪೂರ್ತಿ ಸತ್ತಿಲ್ಲ ಎನ್ನುವುದನ್ನು ಪತ್ರಿಕೆ, ಪುಸ್ತಕ ಓದುವವರು ತಿಳಿದಿರಬೇಕು. 'ಎ ನೈಸ್ ಡಿಸ್ಟಿಂಕ್ಷನ್' ಅಂದರೆ ಕೂದಲೆಳೆಯಷ್ಟು ನವಿರಾದ ವ್ಯತ್ಯಾಸ. ಕಾನೂನಿನವರು 'ಎ ನೈಸ್ ಪಾಯಿಂಟ್' ಅಂದರೆ ಎಚ್ಚರದಿಂದ ಬಿಡಿಸಬೇಕಾದ ಸೂಕ್ಷ್ಮ ಪ್ರಶ್ನೆ ಎಂದರ್ಥ, ಖುಷಿ ಕೊಡುವ ಪ್ರಶ್ನೆ ಎಂದಲ್ಲ. ಸೂಕ್ಷ್ಮ ಸಂಗತಿಗಳಿಗೆ 'ನೈಸಿಟೀಸ್' ಎಂಬ ಪದ ಇಂದಿಗೂ ಚಲಾವಣೆಯಲ್ಲಿದೆ. ಇದನ್ನು ಹೇಳುತ್ತಿದ್ದಾಗ ಹಿಟ್ಟಿನ ವ್ಯಾಪಾರದ ಆ ಹೆಣ್ಣುಮಗಳು ತಟ್ಟನೆ ತಲೆಯೆತ್ತಿದರು. "ಹಾಗಾದ್ರೆ ನಮ್ಮ ನೈಸೂ ಅಲ್ಲಿಗೇ ಬಂತಲ್ಲ ಮೇಡಂ. ಸಣ್ಣದು, ಸೂಕ್ಷ್ಮ!"

ಹೌದಲ್ಲ ಅನಿಸಿತು. ಗಿರಣಿಯ ನೈಸಿಗೂ ನ್ಯಾಯಾಲಯದ ನೈಸಿಗೂ ನಡುವೆ ಇಷ್ಟು ಹತ್ತಿರದ ಹೋಲಿಕೆ ಇದೆ ಎಂದು ಇಷ್ಟು ವರ್ಷ ಪಾಠ ಮಾಡಿದ ನನಗೆ ಹೊಳೆದಿರಲಿಲ್ಲ. ಬೆರಳಿನಿಂದ ಹಿಟ್ಟು ಮುಟ್ಟಿ ನೋಡಿ ನೋಡಿ ಪಳಗಿದವರಿಗೆ ಹೊಳೆಯಿತು.

ಮುಂದಿನ ತರಗತಿಗೆ ಅವರು ಪ್ರಗತಿಪತ್ರವನ್ನು ಮತ್ತೆ ತಂದರು. ಪೋಷಕರ ಸಹಿಗೆಂದು ಬಿಟ್ಟ ಜಾಗದ ಮೇಲೆ, ಒಂದೊಂದೇ ಅಕ್ಷರ ಬಿಡಿಸಿ, ಟೀಚರಿಗೆ ಒಂದು ಸಾಲು ಬರೆದಿದ್ದರು: 'ಇಟ್ ವಾಸ್ ನೈಸ್ ಆಫ್ ಯು ಟು ಸೇ ಸೋ.' 'ಆಫ್' ಇದ್ದ ಜಾಗದಲ್ಲಿ ಮೊದಲು 'ಟು' ಬರೆದು ಅಳಿಸಿದ ಗುರುತು ಕಾಣುತ್ತಿತ್ತು. "ಸರಿ ಇದೆಯಾ ಮೇಡಂ?" ಎಂದು ಕೇಳಿದರು. ಒಂದು ಅಕ್ಷರವನ್ನೂ ತಿದ್ದಬೇಕಿರಲಿಲ್ಲ.